ನುಂಗಿಕೊಳ್ಳುವುದೇ ಜಾಣತನವಲ್ಲ!

ಮಕ್ಕಳು ಸ್ಕೂಲಿಗೆ ಹೋಗಲು ಶುರು ಮಾಡಿದ ಮೇಲೆ ಒಂದು ಕೆಲಸಕ್ಕೆ ಸೇರೋಣ ಅಂತ ಹೊರಟ ಹೆಣ್ಣುಮಗಳಿಗೆ ಎಷ್ಟೊಂದು ಉಪದೇಶ ಸಿಗುತ್ತದೆ ಗೊತ್ತೇ? ಅಮ್ಮ ಫೋನಿನಲ್ಲಿ ಹೇಳುತ್ತಾರೆ, 'ಯಾರು ಏನೇ ಅಂದ್ರೂ ಮನಸ್ಸಿಗೆ ಹಚ್ಕೋಬೇಡ ಕಣೇ, ನಗ್ತಾ ಇದ್ದುಬಿಡು'. ಅತ್ತೆ ಹೇಳುತ್ತಾರೆ, 'ಹೊರಗೆ ದುಡಿಯೋದು ಅಂದ್ರೆ ನಾಲ್ಕು ಮಾತು ಕೇಳಬೇಕಾಗುತ್ತಮ್ಮ'. ಯಜಮಾನರಂತೂ ಮೊಬೈಲಿನಿಂದ ತಲೆ ಎತ್ತದೆ, 'ಆಫೀಸಲ್ಲಿ ಎಮೋಷನಲ್ ಆಗಬಾರದು, ಅಷ್ಟೇ' ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಮೂವರ ಮಾತಿನ ಅರ್ಥವೂ ಒಂದೇ. ಏನೇ ಬಂದರೂ ನುಂಗಿಕೋ.

ಈ ಉಪದೇಶ ಸರಿಯೇ? ಖಂಡಿತಾ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ನುಂಗಿಕೊಳ್ಳುವುದು ಬೇರೆ, ನಿಭಾಯಿಸುವುದು ಬೇರೆ. ನಮಗೆ ಮೊದಲನೆಯದನ್ನು ಚಿಕ್ಕಂದಿನಿಂದಲೂ ಕಲಿಸಿದ್ದಾರೆ. ಎರಡನೆಯದನ್ನು ನಾವೇ ಕಲಿಯಬೇಕು.

'ಮನೆಯಲ್ಲಿರುವ ನಮಗ್ಯಾಕೆ ಆಫೀಸಿನ ಮಾತು?' ಅಂತ ಪುಟ ತಿರುಗಿಸಬೇಡಿ. ಇವತ್ತು ನಮ್ಮಲ್ಲಿ ಎಷ್ಟೋ ಜನ ಮನೆಯಿಂದಲೇ ಟ್ಯೂಷನ್ ಹೇಳುತ್ತಾರೆ, ಬ್ಲೌಸ್ ಹೊಲಿದುಕೊಡುತ್ತಾರೆ, ಚಕ್ಕುಲಿ-ಕೋಡುಬಳೆ ಆರ್ಡರ್ ತೆಗೆದುಕೊಳ್ಳುತ್ತಾರೆ. ಬಟ್ಟೆ ಒಯ್ದು ದುಡ್ಡು ಕೊಡದೆ ಸತಾಯಿಸುವ ಗಿರಾಕಿಯ ಜೊತೆ ಮಾತಾಡುವಾಗ ಅದೂ ಆಫೀಸೇ. ಇನ್ನು ಕೆಲವರು ಹತ್ತು ವರ್ಷದ ನಂತರ ಮತ್ತೆ ಕೆಲಸಕ್ಕೆ ಹೋಗುವ ಯೋಚನೆಯಲ್ಲಿದ್ದೀರಿ. ಅದೂ ಇಲ್ಲವೆಂದರೆ, ಆಫೀಸಿನ ಸಿಟ್ಟನ್ನು ಸಂಜೆ ಮನೆಗೆ ಹೊತ್ತು ತರುವ ಗಂಡನೋ ಮಗಳೋ ಇದ್ದೇ ಇರುತ್ತಾರೆ. ಆ ಗಂಟನ್ನು ಬಿಚ್ಚಬೇಕಾದವರು ನಾವೇ ತಾನೇ?

ಭಾವನೆಯ ಜಾಣ್ಮೆ ಎಂದರೆ...

'ಎಮೋಷನಲ್ ಇಂಟೆಲಿಜೆನ್ಸ್' ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಕಂಪನಿಗಳಲ್ಲಿ ಇದರ ಬಗ್ಗೆ ವರ್ಕ್‌ಶಾಪ್ ಮಾಡುತ್ತಾರೆ, ಇಂಟರ್‌ವ್ಯೂನಲ್ಲೂ ಇದನ್ನು ಅಳೆಯಲು ನೋಡುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ 1990ರಲ್ಲಿ ಇದರ ಬಗ್ಗೆ ಒಂದು ಪ್ರಬಂಧ ಬರೆದರು. 1995ರಲ್ಲಿ ಡೇನಿಯಲ್ ಗೋಲ್‌ಮನ್ ಇದೇ ಹೆಸರಿನ ಪುಸ್ತಕ ಬರೆದ ಮೇಲೆ ಮಾತು ಜಗತ್ತಿಗೆಲ್ಲ ಹಬ್ಬಿತು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವರೆಲ್ಲ ಜೀವನದಲ್ಲಿ, ಕೆಲಸದಲ್ಲಿ ಯಾಕೆ ಗೆಲ್ಲುವುದಿಲ್ಲ ಅನ್ನುವ ಪ್ರಶ್ನೆಗೆ ಜನರಿಗೆ ಅದರಲ್ಲಿ ಒಂದು ಉತ್ತರ ಕಂಡಿತು.

ಸಲೋವೆ, ಮೇಯರ್ ಪ್ರಕಾರ ಈ ಜಾಣ್ಮೆಯಲ್ಲಿ ನಾಲ್ಕು ಭಾಗಗಳಿವೆ. ನಮ್ಮ ಮತ್ತು ಬೇರೆಯವರ ಭಾವನೆಯನ್ನು ಗುರುತಿಸುವುದು, ಆ ಭಾವನೆಯನ್ನು ಯೋಚನೆಗೆ ಬಳಸಿಕೊಳ್ಳುವುದು, ಅದು ಯಾಕೆ ಬಂತು, ಎತ್ತ ಹೋಗುತ್ತದೆ ಅಂತ ಅರ್ಥ ಮಾಡಿಕೊಳ್ಳುವುದು, ಕೊನೆಗೆ ಅದನ್ನು ನಿಭಾಯಿಸುವುದು. ಗಮನಿಸಿದಿರಾ? ಈ ನಾಲ್ಕರಲ್ಲಿ 'ಅದುಮಿಡುವುದು' ಅನ್ನುವ ಐದನೆಯದು ಇಲ್ಲವೇ ಇಲ್ಲ!

ಈಗ ನಮ್ಮನ್ನೇ ಪರೀಕ್ಷೆ ಮಾಡಿಕೊಳ್ಳೋಣ. ಬೇರೆಯವರ ಭಾವನೆ ಗುರುತಿಸುವುದರಲ್ಲಿ ಗೃಹಿಣಿಯರಿಗೆ ನೂರಕ್ಕೆ ನೂರು ಅಂಕ ಕೊಡಬೇಕು. ಗೇಟು ತೆಗೆದ ಸದ್ದಿನಲ್ಲೇ ಗಂಡನ ಮೂಡ್ ಹೇಗಿದೆ ಅಂತ ಗೊತ್ತಾಗುತ್ತದೆ. ಮಗ ಸ್ಕೂಲ್ ಬ್ಯಾಗ್ ಇಟ್ಟ ರೀತಿಯಲ್ಲೇ ಟೆಸ್ಟಿನಲ್ಲಿ ಏನಾಯಿತು ಅಂತ ತಿಳಿಯುತ್ತದೆ. ಅತ್ತೆ 'ನಂಗೆ ಹಸಿವಿಲ್ಲ' ಅಂದರೆ ಅದರಲ್ಲಿ ಎಷ್ಟು ಹಸಿವು, ಎಷ್ಟು ಮುನಿಸು ಅಂತ ಲೆಕ್ಕ ಹಾಕಬಲ್ಲೆವು. ಇದು ಸಣ್ಣ ವಿದ್ಯೆಯಲ್ಲ. ದೊಡ್ಡ ಮ್ಯಾನೇಜರುಗಳಿಗೂ ಎಷ್ಟೋ ಸಲ ಇದು ಬರುವುದಿಲ್ಲ.

ಆದರೆ ಯಾರಾದರೂ ನಮ್ಮನ್ನೇ 'ನಿಂಗೇನಾಗಿದೆ?' ಅಂತ ಕೇಳಿದರೆ? 'ಏನಿಲ್ಲ' ಅನ್ನುತ್ತೇವೆ. ಎಲ್ಲರ ಮನಸ್ಸನ್ನೂ ಓದುವ ನಾವು ನಮ್ಮ ಮನಸ್ಸಿನ ಪುಟವನ್ನು ಮಾತ್ರ ಮಡಚಿ ಇಟ್ಟಿರುತ್ತೇವೆ. ತೊಂದರೆ ಇರುವುದು ಇಲ್ಲೇ.

'ಪರವಾಗಿಲ್ಲ ಸಾರ್'

ಒಂದು ಸನ್ನಿವೇಶ ಊಹಿಸಿಕೊಳ್ಳಿ. ನೀವು ಒಂದು ಚಿಕ್ಕ ಆಫೀಸಿನ ಅಕೌಂಟ್ಸ್ ವಿಭಾಗಕ್ಕೆ ಸೇರಿದ್ದೀರಿ. ಸಂಜೆ ಐದೂಕಾಲು. ಐದೂವರೆಗೆ ಹೊರಟರೆ ಮಗುವನ್ನು ಪಕ್ಕದ ಮನೆಯಿಂದ ಕರೆತರಲು ಸಮಯ ಸರಿಹೋಗುತ್ತದೆ. ಆಗ ಹಿರಿಯ ಸಹೋದ್ಯೋಗಿ ಒಂದು ಫೈಲ್ ತಂದು ಟೇಬಲ್ ಮೇಲಿಟ್ಟು, 'ಇದೊಂದು ಮುಗಿಸಿಬಿಡಿ ಮೇಡಂ, ನಿಮ್ಮ ಕೆಲಸ ನೀಟಾಗಿರುತ್ತೆ' ಅನ್ನುತ್ತಾರೆ. ಅದು ಅವರ ಕೆಲಸ ಅಂತ ಅವರಿಗೂ ಗೊತ್ತು, ನಿಮಗೂ ಗೊತ್ತು. ಹೊಟ್ಟೆಯೊಳಗೆ ಏನೋ ಬಿಗಿಯುತ್ತದೆ. ಬಾಯಿ ಮಾತ್ರ 'ಪರವಾಗಿಲ್ಲ ಸಾರ್, ಕೊಡಿ' ಅನ್ನುತ್ತದೆ.

ಹೀಗೆ ಒಂದು ವಾರ, ಒಂದು ತಿಂಗಳು, ನಾಲ್ಕು ತಿಂಗಳು. ಒಂದು ದಿನ ಯಾರೋ ನಿಮ್ಮ ಟೀ ಕಪ್ಪನ್ನು ತೆಗೆದುಕೊಂಡು ಹೋದರು ಅಂತ ಎಲ್ಲರೆದುರು ಕೂಗಾಡಿ, ಕಣ್ಣೀರು ಹಾಕಿಬಿಡುತ್ತೀರಿ. ನೋಡಿದವರಿಗೆ ಕಾಣಿಸಿದ್ದು ಕಪ್ಪು ಮಾತ್ರ, ನಾಲ್ಕು ತಿಂಗಳ ಫೈಲುಗಳಲ್ಲ. 'ತುಂಬಾ ಸೆನ್ಸಿಟಿವ್ ಅಪ್ಪಾ, ಇವರ ಜೊತೆ ಹುಷಾರಾಗಿರಬೇಕು' ಅನ್ನುವ ಹಣೆಪಟ್ಟಿ ಅಂಟಿತು. ಫೈಲು ಕೊಟ್ಟವರು ಒಳ್ಳೆಯವರಾಗಿಯೇ ಉಳಿದರು! ಅನ್ಯಾಯ ಆಗಿದ್ದು ನಿಮಗೆ, ಹೆಸರು ಕೆಟ್ಟಿದ್ದೂ ನಿಮ್ಮದೇ.

ನುಂಗಿದ್ದು ಎಲ್ಲಿಗೂ ಹೋಗುವುದಿಲ್ಲ ಅನ್ನುವುದನ್ನು ಸಂಶೋಧಕರೂ ಕಂಡುಕೊಂಡಿದ್ದಾರೆ. 1993ರಲ್ಲಿ ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬುವರು ಕೆಲವರಿಗೆ ಅಸಹ್ಯ ಹುಟ್ಟಿಸುವಂಥ ಚಿತ್ರ ತೋರಿಸಿ, ಅವರಲ್ಲಿ ಕೆಲವರಿಗೆ ಮಾತ್ರ 'ಮುಖದಲ್ಲಿ ಏನೂ ತೋರಿಸಬೇಡಿ' ಅಂತ ಹೇಳಿದರು. ಅವರ ಮುಖವೇನೋ ಶಾಂತವಾಗಿಯೇ ಇತ್ತು. ಆದರೆ ಒಳಗಿನ ಅಸಹ್ಯ ಕಡಿಮೆ ಆಗಿರಲಿಲ್ಲ, ದೇಹದೊಳಗಿನ ಉದ್ವೇಗದ ಗುರುತುಗಳು ಹೆಚ್ಚೇ ಆಗಿದ್ದವು. ಇನ್ನೊಂದು ಪ್ರಯೋಗದಲ್ಲಿ, ಹೀಗೆ ಮುಖ ಕಟ್ಟಿಕೊಂಡು ಕೂತವರಿಗೆ ಆಗ ಕೇಳಿದ ವಿಷಯಗಳು ಸರಿಯಾಗಿ ನೆನಪಿನಲ್ಲಿ ಉಳಿಯಲಿಲ್ಲ ಅಂತಲೂ ಗೊತ್ತಾಯಿತು. ಬಾಸ್ ಬೈಯುವಾಗ ಅಳು ತಡೆಯುವುದರಲ್ಲೇ ಮುಳುಗಿ, ಅವರು ಹೇಳಿದ್ದು ಏನು ಅಂತಲೇ ಮರೆತುಹೋಗುವುದು ಇದಕ್ಕೇ ಇರಬೇಕು!

ಹಾಗಂತ ಕಕ್ಕಿಬಿಡುವುದೇ?

'ಸರಿ, ಹಾಗಾದ್ರೆ ಸಿಟ್ಟು ಬಂದ ಕೂಡಲೇ ಹೇಳಿ ಕೈತೊಳೆದುಕೊಳ್ಳೋಣ' ಅನ್ನುತ್ತೀರಾ? ಸ್ವಲ್ಪ ತಡೆಯಿರಿ. ಸಿಟ್ಟನ್ನು ಹೊರಗೆ ಹಾಕಿದರೆ ಅದು ಇಳಿಯುತ್ತದೆ ಅನ್ನುವುದು ನಾವೆಲ್ಲ ನಂಬಿರುವ ಮಾತು. 2002ರಲ್ಲಿ ಬ್ರಾಡ್ ಬುಷ್‌ಮನ್ ಎಂಬ ಸಂಶೋಧಕರು ಇದನ್ನೇ ಪರೀಕ್ಷಿಸಿದರು. ಸಿಟ್ಟು ಬರಿಸಿದ ವಿದ್ಯಾರ್ಥಿಗಳಲ್ಲಿ ಕೆಲವರಿಗೆ, ಸಿಟ್ಟು ಬರಿಸಿದವನನ್ನೇ ನೆನೆಸಿಕೊಂಡು ಬಾಕ್ಸಿಂಗ್ ಚೀಲಕ್ಕೆ ಗುದ್ದಲು ಹೇಳಿದರು. ಕೆಲವರನ್ನು ಸುಮ್ಮನೆ ಎರಡು ನಿಮಿಷ ಕೂರಿಸಿದರು. ಗುದ್ದಿದವರ ಸಿಟ್ಟೇ ಹೆಚ್ಚಾಗಿತ್ತು, ಸುಮ್ಮನೆ ಕೂತವರದೇ ಕಡಿಮೆ!

ಹೆಂಗಸರು ಚೀಲಕ್ಕೆ ಗುದ್ದುವುದಿಲ್ಲ ನಿಜ. ಮಧ್ಯಾಹ್ನ ಡಬ್ಬಿ ತೆಗೆದಾಗ ಅದೇ ಮಾತು, ಬಸ್ಸಿನಲ್ಲಿ ಅದೇ ಮಾತು, ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ ಅದೇ ಮಾತು. ಗೆಳತಿಯ ಹತ್ತಿರ ಒಂದು ಸಲ ಹೇಳಿಕೊಂಡರೆ ಮನಸ್ಸು ಹಗುರಾಗುತ್ತದೆ. ಹತ್ತು ಸಲ ಹೇಳಿದರೆ ಮಾತ್ರ ಆರಿದ ಕೆಂಡಕ್ಕೆ ನಾವೇ ಗಾಳಿ ಹಾಕಿದ ಹಾಗೆ. ಇನ್ನೊಂದು ದಾರಿ ಇದಕ್ಕಿಂತ ಕೆಟ್ಟದ್ದು. ಆಫೀಸಿನಲ್ಲಿ ನುಂಗಿ ಮನೆಯಲ್ಲಿ ಕಕ್ಕುವುದು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆಯೇ ಇದೆಯಲ್ಲ. ಇಲ್ಲಿ ಕೊತ್ತಿ ಅಂದರೆ ಹೋಂವರ್ಕ್ ಬರೆಯುತ್ತಾ ಕೂತ ಆರು ವರ್ಷದ ಮಗು. ಅದಕ್ಕೆ ತಾನು ಮಾಡಿದ ತಪ್ಪೇನು ಅಂತಲೇ ಗೊತ್ತಿರುವುದಿಲ್ಲ.

'ಟೆನ್ಷನ್' ಅಂದರೆ ಯಾವುದು?

ಹಾಗಾದರೆ ಮಾಡುವುದೇನು? ಮೊದಲ ಹೆಜ್ಜೆ ಬಹಳ ಸಣ್ಣದು. ಬಂದಿರುವ ಭಾವನೆಗೆ ಅದರ ಹೆಸರು ಹಿಡಿದು ಕರೆಯುವುದು. 2007ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು ಜನರಿಗೆ ಸಿಟ್ಟು, ಭಯ ತುಂಬಿದ ಮುಖಗಳನ್ನು ತೋರಿಸುತ್ತಾ ಅವರ ಮೆದುಳನ್ನು ಸ್ಕ್ಯಾನ್ ಮಾಡಿದರು. 'ಇದು ಸಿಟ್ಟು', 'ಇದು ಭಯ' ಅಂತ ಪದ ಆರಿಸಿದಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಅನ್ನುವ ಭಾಗದ ಸದ್ದು ತಗ್ಗಿತ್ತು. ಹೆಸರಿಟ್ಟ ಕೂಡಲೇ ಕಷ್ಟ ಮಾಯವಾಗುವುದಿಲ್ಲ. ಆದರೆ ಯೋಚನೆ ಮಾಡಲು ಸ್ವಲ್ಪ ಜಾಗ ಸಿಗುತ್ತದೆ.

ಈಚೆಗೆ ನಮ್ಮ ಬಾಯಲ್ಲಿ ಎಲ್ಲದಕ್ಕೂ ಒಂದೇ ಪದ: ಟೆನ್ಷನ್. ಗ್ಯಾಸ್ ಮುಗಿದರೂ ಟೆನ್ಷನ್, ಬಾಸ್ ಬೈದರೂ ಟೆನ್ಷನ್, ಮಗಳ ಮದುವೆಯೂ ಟೆನ್ಷನ್. ನಮ್ಮ ಭಾಷೆಯಲ್ಲಿ ಪದಗಳಿಗೆ ಬರವೇ? ಸಿಟ್ಟು, ಬೇಜಾರು, ಸಂಕಟ, ಅವಮಾನ, ದಿಗಿಲು, ಮುಜುಗರ, ಹೊಟ್ಟೆಕಿಚ್ಚು, ಕೀಳರಿಮೆ, ಕಸಿವಿಸಿ, ಸುಸ್ತು. ಇವೆಲ್ಲ ಬೇರೆ ಬೇರೆ. ಔಷಧಿಯೂ ಬೇರೆ ಬೇರೆ.

* ಸಿಟ್ಟು ಬಂದಿದ್ದರೆ, ಯಾರೋ ನಿಮ್ಮ ಗೆರೆ ದಾಟಿದ್ದಾರೆ ಅಂತ ಅರ್ಥ. ಆ ಗೆರೆ ಯಾವುದು ಅಂತ ನೋಡಿಕೊಳ್ಳಿ.

* ದಿಗಿಲಾಗಿದ್ದರೆ, ಗೊತ್ತಿಲ್ಲದ್ದು ಏನೋ ಇದೆ. ಕಂಪ್ಯೂಟರಿನಲ್ಲಿ ಹೊಸ ಸಾಫ್ಟ್‌ವೇರ್ ಬಂದಿದ್ದರೆ ಕಲಿತವರನ್ನು ಕೇಳುವುದೇ ಮದ್ದು. ಕೇಳಿದರೆ ಚಿಕ್ಕವರಾಗುವುದಿಲ್ಲ.

* ಹೊಟ್ಟೆಕಿಚ್ಚಾಗಿದ್ದರೆ, ನಿಮಗೂ ಅದು ಬೇಕಾಗಿದೆ. ಪಕ್ಕದವರಿಗೆ ಸಿಕ್ಕ ಬಡ್ತಿಯನ್ನು ಆಡಿಕೊಳ್ಳುವ ಬದಲು ನಿಮಗೆ ಬೇಕಾದ್ದನ್ನು ಕೇಳುವುದು ಹೇಗೆ ಅಂತ ಯೋಚಿಸಿ.

* ಬರೀ ಸುಸ್ತಾಗಿದ್ದರೆ, ಅದಕ್ಕೆ ತತ್ವಜ್ಞಾನ ಬೇಡ. ನಿದ್ದೆ ಬೇಕು, ಹೊತ್ತಿಗೆ ಸರಿಯಾಗಿ ಊಟ ಬೇಕು. ಹಸಿದ ಹೊಟ್ಟೆಯಲ್ಲಿ ಯಾವ ನಿರ್ಧಾರವೂ ಬೇಡ!

ಹೇಳುವ ಬಗೆ

ಎರಡನೆಯ ಹೆಜ್ಜೆ ಹೇಳುವುದು. ಇಲ್ಲಿ ಹೆಂಗಸರಿಗೆ ಒಂದು ವಿಶೇಷ ತೊಡಕಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. 2008ರಲ್ಲಿ ವಿಕ್ಟೋರಿಯಾ ಬ್ರೆಸ್ಕಾಲ್ ಮತ್ತು ಎರಿಕ್ ಉಲ್‌ಮನ್ ಒಂದು ಅಧ್ಯಯನ ಪ್ರಕಟಿಸಿದರು. ಕೆಲಸದ ಸಂದರ್ಶನದಲ್ಲಿ ಗಂಡಸು ಸಿಟ್ಟು ತೋರಿಸಿದರೆ ನೋಡುವವರು ಅವನಿಗೆ ಹೆಚ್ಚು ಮರ್ಯಾದೆ ಕೊಟ್ಟರು. ಅದೇ ಸಿಟ್ಟನ್ನು ಹೆಂಗಸು ತೋರಿಸಿದರೆ ಅವಳ ಬೆಲೆ ಇಳಿಯಿತು. ಅವನಿಗೆ ಸಿಟ್ಟು ಬಂದರೆ 'ಸಂದರ್ಭ ಹಾಗಿತ್ತು', ಅವಳಿಗೆ ಬಂದರೆ 'ಅವಳ ಸ್ವಭಾವವೇ ಹಾಗೆ'. ಓದಿದಾಗ ನಿಮಗೂ 'ಇದು ನಮ್ಮನೆ ಕಥೆಯೇ' ಅನ್ನಿಸಿರಬೇಕು ಅಲ್ವೇ?

ಆದರೆ ಅದೇ ಅಧ್ಯಯನದಲ್ಲಿ ಒಂದು ಉಪಯೋಗದ ಸಂಗತಿಯೂ ಇದೆ. ಆ ಹೆಂಗಸು ತನ್ನ ಸಿಟ್ಟಿಗೆ ಹೊರಗಿನ ಕಾರಣ ಏನು ಅಂತ ಸ್ಪಷ್ಟವಾಗಿ ಹೇಳಿದಾಗ ಆ ತಾರತಮ್ಯ ಕರಗಿತು. ಹಾಗಾಗಿ ನನ್ನ ಸಲಹೆ ಇಷ್ಟೇ. ಮುಖ ಸಿಂಡರಿಸಿ ಸುಮ್ಮನಿರಬೇಡಿ, ಜಗಳಕ್ಕೂ ಇಳಿಯಬೇಡಿ. ಕಾರಣ ಹೇಳಿ. ಮನುಷ್ಯನ ಬಗ್ಗೆ ಅಲ್ಲ, ನಡೆದದ್ದರ ಬಗ್ಗೆ ಹೇಳಿ.

'ನೀವು ಯಾವಾಗ್ಲೂ ಹೀಗೇ ಸಾರ್, ನಮ್ಮನ್ನೇನು ಅಂದ್ಕೊಂಡಿದ್ದೀರಾ?' ಅಂದರೆ ಅದು ಜಗಳ.

'ಸಾರ್, ಈ ವಾರ ಮೂರು ದಿನ ಐದು ಗಂಟೆ ಮೇಲೆ ಫೈಲ್ ಬಂತು. ಐದೂವರೆಗೆ ಮಗುವನ್ನು ಕರ್ಕೊಂಡು ಬರೋಕೆ ನಾನು ಹೊರಡಲೇಬೇಕು. ಮೂರು ಗಂಟೆ ಒಳಗೆ ಕೊಟ್ರೆ ಆವತ್ತೇ ನೋಡ್ತೀನಿ, ಇಲ್ಲಾಂದ್ರೆ ನಾಳೆ ಬೆಳಿಗ್ಗೆ' ಅಂದರೆ ಅದು ಮಾತು.

ಎರಡನೆಯದರಲ್ಲಿ ಏನಿದೆ ನೋಡಿ. ಏನಾಯಿತು, ಅದರಿಂದ ನಿಮಗೇನು ತೊಂದರೆ, ಮುಂದೇನಾಗಬೇಕು. ಮೂರೇ ಮೂರು ವಾಕ್ಯ. ಬೈಗುಳವೂ ಇಲ್ಲ, ಗೋಗರೆಯುವುದೂ ಇಲ್ಲ. ಮೊದಮೊದಲು ಇದನ್ನು ಮನೆಯಲ್ಲಿ ಕನ್ನಡಿ ಮುಂದೆ ಎರಡು ಸಲ ಹೇಳಿ ಅಭ್ಯಾಸ ಮಾಡಿಕೊಂಡರೂ ನಾಚಿಕೆಯಿಲ್ಲ. ದುಡ್ಡು ಸತಾಯಿಸುವ ಬ್ಲೌಸಿನ ಗಿರಾಕಿಗೂ ಇದೇ ಮೂರು ವಾಕ್ಯ ನಡೆಯುತ್ತದೆ. 'ಹಿಂದಿನ ಎರಡು ಬ್ಲೌಸಿನ ದುಡ್ಡು ಬಾಕಿ ಇದೆ ಅಕ್ಕ. ನಾನು ಲೈನಿಂಗ್ ಬಟ್ಟೆ ಕೈಯಿಂದ ಹಾಕಿ ತಂದಿರ್ತೀನಿ. ಅದು ಕೊಟ್ಟ ಮೇಲೆ ಹೊಸದು ತಗೋತೀನಿ.'

ಕಣ್ಣೀರು ಬಂದರೆ? ಬರಲಿ ಬಿಡಿ. ಅಳುವುದು ಅಪರಾಧವಲ್ಲ. 'ಐದು ನಿಮಿಷ ಬಿಟ್ಟು ಬರ್ತೀನಿ' ಅಂತ ಹೇಳಿ ಎದ್ದು, ಮುಖ ತೊಳೆದು, ಒಂದು ಲೋಟ ನೀರು ಕುಡಿದು ಬನ್ನಿ. ಬಿಟ್ಟ ಮಾತನ್ನು ಬಂದು ಪೂರ್ತಿ ಮಾಡಿ. ಅತ್ತಿದ್ದಕ್ಕಿಂತ, ಅತ್ತು ಮಾತು ಅರ್ಧಕ್ಕೆ ನಿಲ್ಲಿಸಿದ್ದರಿಂದ ನಷ್ಟ ಹೆಚ್ಚು. ಸಿಟ್ಟಿನಲ್ಲಿ ಬರೆದ ಮೆಸೇಜನ್ನು ಮಾತ್ರ ಆ ರಾತ್ರಿ ಕಳಿಸಬೇಡಿ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗಂತೂ ಮಾತಿನ ಸ್ಕ್ರೀನ್‌ಶಾಟ್ ಬೇರೆ ಉಳಿದಿರುತ್ತದೆ!

ನಗುವಿಗೂ ಕೂಲಿ ಬೇಡವೇ?

ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಡಿಸಿ ತೋರಿಸಿದರೂ ಮುಖ ಬಾಡಿಸದ ಹುಡುಗಿ, ಆಸ್ಪತ್ರೆಯ ನರ್ಸ್, ಮಾಂಟೆಸ್ಸರಿ ಟೀಚರ್, ಕಾಲ್ ಸೆಂಟರಿನಲ್ಲಿ ಬೈಗುಳ ಕೇಳಿಯೂ 'ಧನ್ಯವಾದ ಸಾರ್' ಅನ್ನುವವಳು. ಇವರೆಲ್ಲ ಕೈಕೆಲಸದ ಜೊತೆಗೆ ನಗುವನ್ನೂ ಮಾರುತ್ತಿದ್ದಾರೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರ ತಮ್ಮ ಪುಸ್ತಕದಲ್ಲಿ ಗಗನಸಖಿಯರ ಕೆಲಸವನ್ನು ಹತ್ತಿರದಿಂದ ನೋಡಿ ಬರೆದರು. ಸಂಬಳಕ್ಕಾಗಿ ಮನಸ್ಸನ್ನು ತಿದ್ದಿಕೊಂಡು ನಗುವುದೂ ಒಂದು ದುಡಿಮೆ, ಅದಕ್ಕೂ ಆಯಾಸ ಇದೆ ಅಂತ ಅವರು ತೋರಿಸಿಕೊಟ್ಟರು.

ಈ ದುಡಿಮೆ ಮುಗಿಸಿ ಮನೆಗೆ ಬಂದರೆ ಎರಡನೇ ಪಾಳಿ ಕಾದಿರುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಅಂದರೆ ನಮ್ಮದು ಐದು ಗಂಟೆಗೆ ಹನ್ನೊಂದೇ ನಿಮಿಷ ಕಡಿಮೆ, ಅವರದು ಒಂದೂವರೆ ಗಂಟೆ. ಇಷ್ಟರ ಮೇಲೂ 'ನಿಂಗೆ ಯಾಕಿಷ್ಟು ಬೇಗ ಸಿಟ್ಟು ಬರುತ್ತೆ?' ಅಂತ ಕೇಳುವವರ ಕೈಗೆ ಒಂದು ಪೊರಕೆ ಕೊಟ್ಟು ನೋಡಿ. ಕೆಲವು ಸಿಟ್ಟಿಗೆ ಧ್ಯಾನ ಬೇಕಾಗಿಲ್ಲ, ಪಾತ್ರೆ ತೊಳೆಯಲು ಇನ್ನೆರಡು ಕೈ ಸಾಕು!

ಯಾವುದನ್ನು 'ನಿಭಾಯಿಸಬಾರದು'

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಒತ್ತಿ ಹೇಳಲೇಬೇಕು. ಭಾವನೆ ನಿಭಾಯಿಸುವ ಪಾಠವನ್ನು ಅನ್ಯಾಯ ಸಹಿಸುವ ಪಾಠ ಮಾಡಿಕೊಳ್ಳಬೇಡಿ. ಮೂರು ಜನರ ಕೆಲಸವನ್ನು ಒಬ್ಬಳ ತಲೆಗೆ ಹಾಕಿ, ಶನಿವಾರ 'ಉಸಿರು ಒಳಗೆ, ಉಸಿರು ಹೊರಗೆ' ಅಂತ ವರ್ಕ್‌ಶಾಪ್ ಮಾಡಿಸಿದರೆ ಏನುಪಯೋಗ? ದಣಿವು, ಕೆಲಸವೆಂದರೆ ಬೇಸರ, 'ನನ್ನ ಕೈಲಾಗಲ್ಲ' ಅನ್ನುವ ಭಾವನೆ, ಈ ಮೂರೂ ಸೇರಿದ ಸ್ಥಿತಿಗೆ 'ಬರ್ನ್‌ಔಟ್' ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ವಿವರಿಸುವಾಗ, ಕೆಲಸದ ಜಾಗದ ಒತ್ತಡ ಸರಿಯಾಗಿ ನಿರ್ವಹಣೆಯಾಗದೆ ಬಹುಕಾಲ ಉಳಿದದ್ದರಿಂದ ಬರುವಂಥದ್ದು ಎಂದಿತು. ಅಂದಮೇಲೆ ಅದನ್ನು ಒಬ್ಬ ಹೆಂಗಸಿನ ಮನಸ್ಸಿನ ದೌರ್ಬಲ್ಯ ಅನ್ನುವುದು ತಪ್ಪಲ್ಲವೇ?

ಇನ್ನು ಬೇಡದ ಕಡೆ ಕೈ ತಗುಲಿಸುವವರು, ಎರಡರ್ಥದ ಜೋಕು ಹೇಳುವವರು, ರಾತ್ರಿ ಹನ್ನೊಂದಕ್ಕೆ 'ಮಲಗಿದ್ರಾ?' ಅಂತ ಮೆಸೇಜ್ ಕಳಿಸುವವರು. ಅಲ್ಲಿ ಬರುವ ಸಿಟ್ಟನ್ನು ಸಮಾಧಾನ ಮಾಡಿಕೊಳ್ಳಲೇಬಾರದು. ಆ ಸಿಟ್ಟು ಸರಿಯಾಗಿಯೇ ಕೆಲಸ ಮಾಡುತ್ತಿದೆ!

ರಾಜಸ್ಥಾನದ ಹಳ್ಳಿಯೊಂದರಲ್ಲಿ ಸರ್ಕಾರದ ಕಾರ್ಯಕ್ರಮದಡಿ ಕೆಲಸ ಮಾಡುತ್ತಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಆಕೆ ಬಾಯಿ ಮುಚ್ಚಿಕೊಳ್ಳಲಿಲ್ಲ. ಆ ಘಟನೆಯ ನಂತರ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು, 1997ರಲ್ಲಿ ವಿಶಾಖಾ ತೀರ್ಪು ಬಂತು. 2013ರಲ್ಲಿ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ ಕಾನೂನೇ ಬಂತು. ನಮ್ಮ ಹೆಣ್ಣುಮಕ್ಕಳು ಇವತ್ತು ಕಾರ್ಪೊರೇಟ್ ಕಚೇರಿಯಲ್ಲಿ ದೂರು ಕೊಡಬಲ್ಲರು ಎಂದರೆ, ಅದರ ಬೇರು ಹಳ್ಳಿಯ ಆ ಹೆಂಗಸು ನುಂಗಿಕೊಳ್ಳದೆ ಉಳಿಸಿಕೊಂಡ ಸಿಟ್ಟಿನಲ್ಲಿದೆ.

ಈ ಕಾನೂನಿನ ಕೆಲವು ಅಂಶಗಳನ್ನು ಪ್ರತಿ ಮನೆಯಲ್ಲೂ ಬರೆದಿಟ್ಟುಕೊಳ್ಳಬೇಕು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ಅಧ್ಯಕ್ಷರು ಮಹಿಳೆಯೇ ಆಗಿರಬೇಕು. ಅದಕ್ಕಿಂತ ಕಡಿಮೆ ಜನ ಇದ್ದರೆ ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ಅದಕ್ಕೇ ಹೇಳುವುದು, 'ನೋಡೋಣ, ತಾನೇ ಸರಿಹೋಗುತ್ತೆ' ಅಂತ ದಿನ ತಳ್ಳಬೇಡಿ. ತಾರೀಖು, ಸಮಯ, ಆಡಿದ ಮಾತು ಎಲ್ಲ ಒಂದು ಡೈರಿಯಲ್ಲಿ ಬರೆದಿಡಿ. ಮೆಸೇಜ್ ಅಳಿಸಬೇಡಿ.

ನಮ್ಮ ಮನೆಯೂ ಒಂದು ಆಫೀಸೇ

ಕೊನೆಯದಾಗಿ ಒಂದು ಮಾತು. ಬಹುಶಃ ಇದನ್ನು ಓದಿ ನಿಮಗೆ ಕೊಂಚ ಮುಜುಗರ ಆಗಬಹುದು. ಬೆಳಿಗ್ಗೆ ಎಂಟಕ್ಕೆ ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವಾಕೆಗೆ ನಮ್ಮ ಅಡುಗೆಮನೆಯೇ ಆಫೀಸು, ನಾವೇ ಬಾಸ್. 2013ರ ಕಾನೂನು ಕೂಡ ಮನೆಗೆಲಸದವರ ವಿಷಯದಲ್ಲಿ ಮನೆಯನ್ನು ಕೆಲಸದ ಸ್ಥಳ ಅಂತಲೇ ಪರಿಗಣಿಸುತ್ತದೆ. ಅವರೂ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ಗಂಡನ ಜೊತೆ ಮಾತು ಬಂದ ದಿನ ಆಕೆಯ ಮೇಲೆ ಧ್ವನಿ ಏರುವುದಿಲ್ಲವೇ? ಹಬ್ಬಕ್ಕೆ ನೆಂಟರು ಬಂದಾಗ 'ಸ್ವಲ್ಪ ಇದೊಂದು ಮಾಡ್ಬಿಡು' ಅಂತ ಐದೂಕಾಲಿನ ಫೈಲ್ ಇಡುವುದು ನಾವೂ ಅಲ್ಲವೇ? ಆಕೆಯ 'ಆಯ್ತಕ್ಕ, ಪರವಾಗಿಲ್ಲ'ವನ್ನು ಒಪ್ಪಿಗೆ ಅಂತ ತಿಳಿಯುವುದು ಬೇಡ. ಮುಖ ನೋಡಿ ಹೊಟ್ಟೆಯೊಳಗಿನದನ್ನು ಓದುವ ನಮ್ಮ ವಿದ್ಯೆಯನ್ನು ಅಲ್ಲಿಯೂ ಸ್ವಲ್ಪ ಬಳಸೋಣ. ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ದುಡ್ಡು, ವಾರಕ್ಕೊಂದು ರಜೆ, ಬೈದಿದ್ದರೆ 'ನಿನ್ನ ತಪ್ಪಲ್ಲ, ನಂಗೇ ಬೇರೆ ಏನೋ ತಲೆಬಿಸಿ' ಅನ್ನುವ ಒಂದು ಮಾತು. ಇದನ್ನು ನೋಡಿ ಬೆಳೆದ ಮಗ ನಾಳೆ ಮ್ಯಾನೇಜರ್ ಆದಾಗ ಅವನಿಗೆ ಬೇರೆ ವರ್ಕ್‌ಶಾಪ್ ಬೇಕಾಗುವುದಿಲ್ಲ.

ಹಾಂ, ಒಂದು ವಿಷಯ ಮರೆಯಬೇಡಿ. ವಾರಗಟ್ಟಲೆ ನಿದ್ದೆ ಬರುತ್ತಿಲ್ಲ, ಕೆಲಸಕ್ಕೆ ಹೋಗಬೇಕೆಂದರೆ ಎದೆ ಡವಡವ ಅನ್ನುತ್ತದೆ, ಯಾವುದರಲ್ಲೂ ಆಸಕ್ತಿಯಿಲ್ಲ ಅನ್ನುವಂತಿದ್ದರೆ ಅದು ಲೇಖನ ಓದಿ ಸರಿಹೋಗುವಂಥದ್ದಲ್ಲ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಜ್ವರಕ್ಕೆ ಡಾಕ್ಟರ ಹತ್ತಿರ ಹೋಗುತ್ತೇವೆ, ಮನಸ್ಸಿಗೆ ಹೋದರೆ ತಪ್ಪೇನು?

ನಾಳೆ ನಿಮ್ಮ ಮಗಳೋ ಸೊಸೆಯೋ ತಂಗಿಯೋ ಮೊದಲ ದಿನದ ಕೆಲಸಕ್ಕೆ ಹೊರಟು ನಿಂತಾಗ ಕುಂಕುಮ ಇಟ್ಟು ಕಳಿಸಿ, ಮೊಸರು-ಸಕ್ಕರೆ ಬಾಯಿಗೆ ಹಾಕಿ. ಆದರೆ 'ಏನೇ ಆದ್ರೂ ನುಂಗಿಕೋ' ಅನ್ನಬೇಡಿ. 'ಏನೇ ಆದ್ರೂ ಬಂದು ನಂಗೆ ಹೇಳು, ಏನು ಮಾಡೋದು ಅಂತ ಇಬ್ಬರೂ ಯೋಚನೆ ಮಾಡೋಣ' ಅನ್ನಿ. ಅಷ್ಟು ಮಾತಿನ ಬಲ ಹಿಂದೆ ಇದ್ದರೆ ಆಕೆಗೆ ಎಂಥ ಆಫೀಸನ್ನೂ ಎದುರಿಸುವ ಧೈರ್ಯ ಬರುತ್ತದೆ.